ಸದಸ್ಯತ್ವ ಶುಲ್ಕದಾಚೆಯ ಆದಾಯ: ಒಂದು ಛೇಂಬರ್‌ನ ಎರಡು ವರ್ಷದ ಲೆಕ್ಕ

ವಾಣಿಜ್ಯೋದ್ಯಮ ಸಂಸ್ಥೆಗಳ (ಛೇಂಬರ್ ಆಫ್ ಕಾಮರ್ಸ್) ಬಜೆಟ್ ಸಭೆಯಲ್ಲಿ ವರ್ಷವೂ ಕೇಳಿಬರುವ ಮಾತೊಂದಿದೆ: ಸದಸ್ಯತ್ವ ಶುಲ್ಕವನ್ನೇ ನಂಬಿ ಕೂತರೆ ಆಗದು, ಬೇರೆ ಆದಾಯ ಹುಡುಕಬೇಕು. ಮಾತು ಸರಿಯೇ. ಆದರೆ ಹುಡುಕಾಟ ಶುರುವಾಗುವುದು ಹೆಚ್ಚಾಗಿ ಇನ್ನೊಂದು ಸಮಾರಂಭ, ಇನ್ನೊಂದು ಪ್ರಶಸ್ತಿ, ಇನ್ನೊಂದು ವಸ್ತುಪ್ರದರ್ಶನದಿಂದ. ಈಗಾಗಲೇ ನಡೆಯುತ್ತಿರುವ ಕೆಲಸಗಳಲ್ಲಿ ಯಾವುದು ಹಣ ತರುತ್ತಿದೆ, ಯಾವುದು ತಿನ್ನುತ್ತಿದೆ ಎಂಬ ಲೆಕ್ಕ ಯಾರ ಬಳಿಯೂ ಇರುವುದಿಲ್ಲ.

ಇಲ್ಲಿ ಬಿಡಿಸಿ ನೋಡುತ್ತಿರುವುದು ಮಧ್ಯಮ ಗಾತ್ರದ ಛೇಂಬರ್ ಒಂದರ ಸ್ಥಿತಿ. ಇದು ಯಾವುದೇ ನಿರ್ದಿಷ್ಟ ಸಂಸ್ಥೆಯ ಲೆಕ್ಕಪತ್ರವಲ್ಲ. ಇಂಥ ಸಂಸ್ಥೆಗಳಲ್ಲಿ ಸಾಮಾನ್ಯವಾಗಿ ಕಾಣುವ ಸಮಸ್ಯೆಗಳನ್ನು ಒಂದೆಡೆ ಇಟ್ಟು ಲೆಕ್ಕ ಮಾಡಲೆಂದು ಕಟ್ಟಿಕೊಂಡ ಮಾದರಿ. ಯಾವ ದೇಶದ ಓದುಗರಾದರೂ ತಮ್ಮ ಅಂಕಿಗಳನ್ನು ಹಾಕಿ ನೋಡಿಕೊಳ್ಳಲು ಆಗಲಿ ಎಂದು ಮೊದಲ ವರ್ಷದ ಒಟ್ಟು ಆದಾಯವನ್ನು 1,000 ಪಾಲು ಎಂದು ಇಟ್ಟುಕೊಂಡಿದ್ದೇವೆ. ಬೆಲೆ ಏರಿಕೆಯನ್ನು ಲೆಕ್ಕಕ್ಕೆ ತಂದಿಲ್ಲ.

ಪರಿಸ್ಥಿತಿ

ಸದಸ್ಯರು 400, ಪೂರ್ಣಾವಧಿ ಸಿಬ್ಬಂದಿ 6 ಮಂದಿ. ಸ್ವಂತ ಕಟ್ಟಡವಿದೆ, ಅದರಲ್ಲಿ 80 ಆಸನದ ಒಂದು ಸಭಾಂಗಣ. ಆದಾಯದ 1,000ದಲ್ಲಿ ಸದಸ್ಯತ್ವ ಶುಲ್ಕ 720. ಉಳಿದ 280ರಲ್ಲಿ ವಾರ್ಷಿಕ ಔತಣಕೂಟ, ವಸ್ತುಪ್ರದರ್ಶನ ಮತ್ತು ಹತ್ತು ಮಾಸಿಕ ಸಭೆಗಳಿಂದ 170, ತರಬೇತಿಯಿಂದ 60, ಸರಕಿನ ಮೂಲ ದೇಶವನ್ನು ದೃಢೀಕರಿಸುವ ಸರ್ಟಿಫಿಕೇಟ್ ಆಫ್ ಆರಿಜಿನ್‌ನಿಂದ 20, ಸಭಾಂಗಣದ ಬಾಡಿಗೆಯಿಂದ 20, ಮಾಸಪತ್ರಿಕೆಯ ಜಾಹೀರಾತಿನಿಂದ 10.

ಖರ್ಚು 1,040. ಸಂಬಳ 560, ಕಟ್ಟಡ 140, ಕಾರ್ಯಕ್ರಮಗಳ ನೇರ ಖರ್ಚು 150, ತರಬೇತಿಗೆ 40, ಪತ್ರಿಕೆಯ ಮುದ್ರಣ ಮತ್ತು ಅಂಚೆಗೆ 45, ಆಡಿಟ್, ಪ್ರಯಾಣ, ದೂರವಾಣಿ ಇತ್ಯಾದಿಗೆ 105. ಕೊರತೆಯ 40 ಪಾಲನ್ನು ಮೀಸಲು ನಿಧಿಯಿಂದ ತೆಗೆದರು.

ಚಿಂತೆಗೆ ಕಾರಣವಾದದ್ದು ಈ 40 ಅಲ್ಲ. ವಹಿವಾಟಿನ ಗಾತ್ರಕ್ಕೆ ತಕ್ಕಂತೆ ಶುಲ್ಕದ ಸ್ಲ್ಯಾಬ್ ಇರುವ ಕಡೆ ದೊಡ್ಡ ಸದಸ್ಯರ ಮೇಲಿನ ಅವಲಂಬನೆ ಸುಲಭಕ್ಕೆ ಕಣ್ಣಿಗೆ ಬೀಳುವುದಿಲ್ಲ. ಇಲ್ಲಿ 12 ಕಂಪನಿಗಳು ಸೇರಿ 180 ಪಾಲು ಕೊಡುತ್ತಿದ್ದವು. ಅವುಗಳಲ್ಲಿ ಎರಡು ಬೇರೆ ಕಂಪನಿಗಳಲ್ಲಿ ವಿಲೀನವಾದವು, ಒಂದು ತನ್ನ ಪ್ರಧಾನ ಕಚೇರಿಯನ್ನು ಬೇರೆಡೆಗೆ ಒಯ್ದಿತು. ಮುಂದಿನ ವರ್ಷದ ಶುಲ್ಕದಲ್ಲಿ 45 ಪಾಲು ಹೋಯಿತು. ಏನನ್ನೂ ಬದಲಿಸದಿದ್ದರೆ ಕೊರತೆ 85.

ಸದಸ್ಯತ್ವ ಐಚ್ಛಿಕವಾಗಿರುವ ಕಡೆ ಇಂಥ ಆಘಾತ ಆಗಾಗ ಬರುವುದೇ. ಜರ್ಮನಿ, ಆಸ್ಟ್ರಿಯಾಗಳಲ್ಲಿ ಕಾನೂನಿನ ಪ್ರಕಾರ ಉದ್ಯಮಗಳು ಛೇಂಬರ್‌ನ ಸದಸ್ಯರಾಗಲೇಬೇಕು, ಆದ್ದರಿಂದ ಅಲ್ಲಿನ ಶುಲ್ಕಕ್ಕೆ ಹೆಚ್ಚು ಭದ್ರತೆಯಿದೆ. ಆದರೆ ಕಾನೂನು ಕೊಟ್ಟದ್ದನ್ನು ಕಾನೂನೇ ಕಿತ್ತುಕೊಳ್ಳಬಹುದು. ಸ್ಪೇನ್ 2010ರ ಡಿಸೆಂಬರ್‌ನಲ್ಲಿ ಕಡ್ಡಾಯ ಶುಲ್ಕವನ್ನು ರದ್ದು ಮಾಡಿದಾಗ ಅಲ್ಲಿನ ಛೇಂಬರ್‌ಗಳು ಸೇವೆ ಮಾರಿ ಬದುಕುವುದನ್ನು ಅವಸರದಲ್ಲಿ ಕಲಿಯಬೇಕಾಯಿತು. ಪ್ಯಾರಿಸ್‌ನ ಛೇಂಬರ್ 1881ರಲ್ಲೇ ಎಚ್‌ಇಸಿ ಎಂಬ ವಾಣಿಜ್ಯ ಶಾಲೆ ತೆರೆದಿತ್ತು. ಸಂಸ್ಥೆಯೊಂದು ಸದಸ್ಯರ ಶುಲ್ಕದಾಚೆಗೆ ಕೈಚಾಚುವುದು ಹೊಸದೇನಲ್ಲ. ಲೆಕ್ಕವಿಲ್ಲದೆ ಕೈಚಾಚಿದರೆ ಮಾತ್ರ ತೊಂದರೆ.

ಮೊದಲು ಗಂಟೆಗಳನ್ನು ಎಣಿಸಿದ್ದು

ಹೊಸ ಯೋಜನೆಗಳ ಪಟ್ಟಿ ಮಾಡುವ ಮೊದಲು ಸಿಬ್ಬಂದಿಯ ವೇಳೆಯನ್ನು ಅಳೆಯಲಾಯಿತು. ಎಂಟು ವಾರ, ಅರ್ಧ ಗಂಟೆಯ ತುಂಡುಗಳಲ್ಲಿ, ಒಂಬತ್ತು ತಲೆಬರಹಗಳಡಿ ಪ್ರತಿಯೊಬ್ಬರೂ ಬರೆದಿಟ್ಟರು. ಎರಡು ಎಚ್ಚರಿಕೆ ಇಲ್ಲಿ ಬೇಕು. ಎಂಟು ವಾರದಲ್ಲಿ ವಾರ್ಷಿಕ ಸಮಾರಂಭದ ಹಂಗಾಮು ಸೇರದೇ ಇರಬಹುದು, ಹಾಗಾದರೆ ಹಿಂದಿನ ವರ್ಷದ ಡೈರಿ, ಇಮೇಲ್ ನೋಡಿ ಆ ಗಂಟೆಗಳನ್ನು ಸೇರಿಸಬೇಕು. ಇನ್ನೊಂದು, ಬರೆಯಲು ಬೇಸರವಾದವರು ಎಲ್ಲವನ್ನೂ ‘ಸಾಮಾನ್ಯ ಆಡಳಿತ’ಕ್ಕೆ ಹಾಕಿಬಿಡುತ್ತಾರೆ. ಯಾರ ಹಾಳೆಯಲ್ಲಾದರೂ ಆ ತಲೆಬರಹ ಐದನೇ ಒಂದು ಭಾಗ ದಾಟಿದರೆ ಅವರ ಜೊತೆ ಕೂತು ಬಿಡಿಸಿ ಬರೆಸಬೇಕು. ಇದು ಯಾರ ಕೆಲಸ ಕಳೆಯಲಿಕ್ಕೂ ಅಲ್ಲ ಎಂದು ಮೊದಲ ದಿನವೇ ಹೇಳದಿದ್ದರೆ ಹಾಳೆಗಳಲ್ಲಿ ನಿಜ ಬರುವುದಿಲ್ಲ.

ರಜೆ, ಕಾಯಿಲೆ ಕಳೆದು ಒಬ್ಬರಿಗೆ ವರ್ಷಕ್ಕೆ 1,600 ಗಂಟೆ, ಆರು ಮಂದಿಗೆ 9,600 ಗಂಟೆ. ಸಂಬಳ ಮತ್ತು ಕಟ್ಟಡದ 700 ಪಾಲನ್ನು ಇದರ ಮೇಲೆ ಹರಡಿದರೆ 100 ಗಂಟೆಯ ವೆಚ್ಚ 7.3 ಪಾಲು. ಈ ದರವನ್ನು ಹಾಕಿದಾಗ ಬಂದ ಚಿತ್ರ ಹೀಗಿತ್ತು:

| ಕೆಲಸ | ಆದಾಯ | ನೇರ ಖರ್ಚು | ಗಂಟೆ | ಗಂಟೆಯ ವೆಚ್ಚ | ಉಳಿದದ್ದು |
|---|---|---|---|---|---|
| ಕಾರ್ಯಕ್ರಮಗಳು | 170 | 150 | 2,600 | 190 | −170 |
| ತರಬೇತಿ | 60 | 40 | 500 | 36.5 | −16.5 |
| ಸರ್ಟಿಫಿಕೇಟ್ | 20 | 0 | 220 | 16 | +4 |
| ಸಭಾಂಗಣ | 20 | 0 | 90 | 6.6 | +13.4 |
| ಪತ್ರಿಕೆ | 10 | 45 | 700 | 51 | −86 |

ಒಟ್ಟು ಕೂಡಿದರೆ ಸುಮಾರು −255. ‘ಇತರೆ ಆದಾಯ 280’ ಎಂದು ವಾರ್ಷಿಕ ವರದಿಯಲ್ಲಿ ಹೆಮ್ಮೆಯಿಂದ ಅಚ್ಚಾಗುತ್ತಿದ್ದ ಸಾಲಿನ ಹಿಂದೆ ಸದಸ್ಯತ್ವ ಶುಲ್ಕದ 255 ಪಾಲು ಕರಗುತ್ತಿತ್ತು.

ಈ ಪಟ್ಟಿಯನ್ನು ಓದುವಾಗ ಆಡಳಿತ ಮಂಡಳಿಗಳು ಎರಡು ಕಡೆ ಎಡವುತ್ತವೆ. ಮಾಸಿಕ ಸಭೆ ಆದಾಯಕ್ಕಾಗಿ ನಡೆಯುವುದಲ್ಲ, ಸದಸ್ಯರು ಶುಲ್ಕ ಕೊಡುವುದೇ ಅದಕ್ಕಾಗಿ. ಹಾಗಾಗಿ ಕಾರ್ಯಕ್ರಮಗಳ −170ರಲ್ಲಿ ಒಂದು ಭಾಗ ನಷ್ಟವಲ್ಲ, ಸೇವೆ. ಅದನ್ನು ಬೇರೆ ಸಾಲಿನಲ್ಲಿ ತೋರಿಸಬೇಕು. ಎರಡನೆಯದು ಇನ್ನೂ ಮುಖ್ಯ: ಒಂದು ಕೆಲಸ ನಿಲ್ಲಿಸಿದ ಮಾತ್ರಕ್ಕೆ ಅದರ ಗಂಟೆಯ ವೆಚ್ಚ ಉಳಿಯುವುದಿಲ್ಲ. ಸಂಬಳ ಹೋಗುತ್ತಲೇ ಇರುತ್ತದೆ. ಬಿಡುವಾದ ಗಂಟೆಯನ್ನು ಎಲ್ಲಿ ಹಾಕುತ್ತೀರಿ ಎಂಬುದಕ್ಕೆ ಉತ್ತರವಿದ್ದಾಗ ಮಾತ್ರ ಆ ಉಳಿತಾಯ ನಿಜ.

ಪ್ರದರ್ಶನ ಮತ್ತು ಪ್ರಾಯೋಜಕರು

ವಸ್ತುಪ್ರದರ್ಶನವನ್ನು ಸಂಸ್ಥೆ ತಾನೇ ನಡೆಸುತ್ತಿತ್ತು. 3 ಮೀಟರ್ ಅಗಲ, 3 ಮೀಟರ್ ಉದ್ದದ 60 ಸ್ಟಾಲ್, ಅಂದರೆ ಮಾರಲು ಸಿಗುವ ಜಾಗ 540 ಚದರ ಮೀಟರ್. ಓಡಾಟದ ದಾರಿ, ನೋಂದಣಿ ಕೌಂಟರ್, ವೇದಿಕೆ, ತುರ್ತು ನಿರ್ಗಮನ ಎಲ್ಲಾ ಸೇರಿ ಬಾಡಿಗೆಗೆ ಹಿಡಿಯಬೇಕಾದ ಜಾಗ ಇದರ ಎರಡರಷ್ಟು. ಜಾಗದ ಮುಂಗಡ ತಿಂಗಳುಗಳ ಮೊದಲೇ ಕೊಡಬೇಕು, ಸ್ಟಾಲ್‌ಗಳು ಮಾರಾಟವಾಗುವುದು ಕೊನೆಯ ವಾರಗಳಲ್ಲಿ. 45 ಮಾರಾಟವಾಗಿ 15 ಖಾಲಿ ಉಳಿದಾಗ ‘ಖಾಲಿ ಕಾಣಬಾರದು’ ಎಂದು ಅರ್ಧ ಬೆಲೆಗೆ ಕೊಟ್ಟರು. ಮೊದಲೇ ಪೂರ್ತಿ ಹಣ ಕಟ್ಟಿದವರಿಗೆ ಇದು ತಿಳಿಯದೇ ಇರುತ್ತದೆಯೇ? ಮುಂದಿನ ವರ್ಷ ಅವರೂ ಕೊನೆಯ ವಾರದವರೆಗೆ ಕಾದರು. ಪ್ರದರ್ಶನಗಳ ಬೆಲೆ ಕುಸಿಯುವುದು ಹೀಗೆ. ಖಾಲಿ ಜಾಗವನ್ನು ವಿಶ್ರಾಂತಿ ತಾಣವನ್ನಾಗಿ ಮಾಡುವುದು, ಇಲ್ಲವೇ ನಕ್ಷೆಯನ್ನು 45ಕ್ಕೆ ಕುಗ್ಗಿಸಿ ದಾರಿ ಅಗಲಿಸುವುದು ಅರ್ಧ ಬೆಲೆಗಿಂತ ಎಷ್ಟೋ ಮೇಲು.

ಎರಡನೇ ವರ್ಷದಿಂದ ಪ್ರದರ್ಶನವನ್ನು ವೃತ್ತಿಪರ ಆಯೋಜಕರಿಗೆ ಮೂರು ವರ್ಷದ ಒಪ್ಪಂದದ ಮೇಲೆ ಕೊಡಲಾಯಿತು. ಸಂಸ್ಥೆಗೆ ಕನಿಷ್ಠ ಖಾತರಿ 20 ಪಾಲು, ಅದರ ಮೇಲೆ ಸ್ಟಾಲ್ ಮಾರಾಟದ ಹಣದಲ್ಲಿ ಒಂದಂಶ. ಆ ವರ್ಷ ಒಟ್ಟು 25 ಬಂತು. ಖಾತರಿಯ ಅರ್ಧ ಸಹಿ ಹಾಕುವ ದಿನ, ಉಳಿದರ್ಧ ಪ್ರದರ್ಶನಕ್ಕೆ 30 ದಿನ ಮೊದಲು. ಮುಗಿದ ಮೇಲೆ ಕೊಡುತ್ತೇವೆ ಎಂಬ ಮಾತನ್ನು ಒಪ್ಪಲಿಲ್ಲ. ಒಪ್ಪಂದದಲ್ಲಿ ಬಿಡಬಾರದ ಷರತ್ತುಗಳಿವೆ: ಸದಸ್ಯರಿಗೆ ಸ್ಟಾಲ್ ದರದಲ್ಲಿ ರಿಯಾಯಿತಿ, ಪ್ರದರ್ಶನ ರದ್ದಾದರೆ ಸ್ಟಾಲ್ ಹಿಡಿದವರಿಗೆ ಹಣ ವಾಪಸ್ ಮಾಡುವ ಹೊಣೆ ಆಯೋಜಕರದು, ವಿಮೆ ಅವರದು, ಭಾಗವಹಿಸಿದವರ ಪಟ್ಟಿ ಸಂಸ್ಥೆಗೂ ಸೇರತಕ್ಕದ್ದು. ಎಲ್ಲಕ್ಕಿಂತ ಮೇಲಾಗಿ, ಪ್ರದರ್ಶನದ ಹೆಸರು, ಲಾಂಛನ, ವೆಬ್ ವಿಳಾಸ ಸಂಸ್ಥೆಯ ಹೆಸರಿನಲ್ಲೇ ನೋಂದಣಿಯಾಗಿರಬೇಕು. ಇಲ್ಲದಿದ್ದರೆ ಮೂರು ವರ್ಷ ಕಳೆಯುವಷ್ಟರಲ್ಲಿ ಗ್ರಾಹಕರೂ ಹೆಸರೂ ಆಯೋಜಕರ ಕೈಯಲ್ಲಿ, ಪಕ್ಕದ ಬೀದಿಯಲ್ಲಿ ಅದೇ ತಿಂಗಳು ಅಂಥದೇ ಪ್ರದರ್ಶನ.

ಪ್ರಾಯೋಜಕತ್ವದಲ್ಲಿ ಬದಲಾದದ್ದು ಕೇಳುವ ರೀತಿ. ಮೊದಲು ಪ್ರತಿ ಕಾರ್ಯಕ್ರಮಕ್ಕೂ ಕಾರ್ಯದರ್ಶಿ ಅದೇ ಕಂಪನಿಗಳ ಬಾಗಿಲು ತಟ್ಟುತ್ತಿದ್ದರು. ವರ್ಷಕ್ಕೆ ಹದಿನೈದು ಸಲ ಫೋನ್ ಬಂದರೆ ಯಾರಿಗಾದರೂ ರೇಜಿಗೆಯಾಗುತ್ತದೆ. ಈಗ ವರ್ಷಕ್ಕೆ ಒಂದೇ ಭೇಟಿ, ಒಂದೇ ಇನ್‌ವಾಯ್ಸ್. ಒಂದೊಂದು 10 ಪಾಲಿನ ಎಂಟು ಪ್ಯಾಕೇಜ್, ಎಂಟಕ್ಕಿಂತ ಹೆಚ್ಚಿಲ್ಲ. ಪ್ರತಿಯೊಂದರಲ್ಲೂ ಏನೇನು ಸೇರಿದೆ ಎಂಬುದು ಒಂದು ಪುಟದಲ್ಲಿ: ಸಭೆಗಳ ಪರದೆಯ ಮೇಲೆ ಹೆಸರು, ಔತಣಕೂಟದಲ್ಲಿ ಒಂದು ಮೇಜು, ಇ-ಪತ್ರಿಕೆಯಲ್ಲಿ ಹನ್ನೆರಡು ಜಾಗ, ಒಂದು ಸಭೆಯಲ್ಲಿ ಮೂರು ನಿಮಿಷದ ಮಾತು. ಮೂರು ನಿಮಿಷ ಎಂದರೆ ಮೂರೇ. ಇಪ್ಪತ್ತು ನಿಮಿಷದ ಮಾರಾಟದ ಭಾಷಣ ಕೇಳಿದ ಸದಸ್ಯರು ಮುಂದಿನ ಸಭೆಗೆ ಬರುವುದಿಲ್ಲ, ಸದಸ್ಯರು ಬಾರದ ಸಭೆಗೆ ಪ್ರಾಯೋಜಕರೂ ಬರುವುದಿಲ್ಲ.

ಕೊಡುವ ಸೌಲಭ್ಯಗಳ ನೇರ ಖರ್ಚು ಪ್ಯಾಕೇಜಿನ ಬೆಲೆಯ ಕಾಲುಭಾಗ ದಾಟದಂತೆ ನೋಡಿಕೊಂಡರು. ‘ನಮ್ಮ ಕ್ಷೇತ್ರದಲ್ಲಿ ನಾವೊಬ್ಬರೇ’ ಎಂಬ ಹಕ್ಕನ್ನು ಒಂದೇ ಪ್ಯಾಕೇಜಿಗೆ, ಹೆಚ್ಚಿನ ದರಕ್ಕೆ ಕೊಡಬಹುದು, ಬಾಯಿಮಾತಿನಲ್ಲಿ ಮಾತ್ರ ಎಂದೂ ಕೊಡಬಾರದು. ಅಧ್ಯಕ್ಷರು ಒಂದು ಬ್ಯಾಂಕಿಗೆ, ಕಾರ್ಯದರ್ಶಿ ಇನ್ನೊಂದಕ್ಕೆ ಅದೇ ಮಾತು ಕೊಟ್ಟು ಎರಡನ್ನೂ ಕಳೆದುಕೊಳ್ಳುವುದು ಈ ಕ್ಷೇತ್ರದಲ್ಲಿ ಅಪರೂಪವಲ್ಲ. ಇನ್ನೊಂದು ನಿಯಮ: ತನ್ನ ಸ್ಲ್ಯಾಬ್‌ನ ಪೂರ್ತಿ ಸದಸ್ಯತ್ವ ಶುಲ್ಕ ಕಟ್ಟಿದ ಕಂಪನಿಗೆ ಮಾತ್ರ ಪ್ಯಾಕೇಜ್. ಈ ನಿಯಮವಿಲ್ಲದಿದ್ದರೆ ದೊಡ್ಡ ಸದಸ್ಯರು ಶುಲ್ಕದ ಸ್ಲ್ಯಾಬ್ ಇಳಿಸಿಕೊಂಡು ಅದೇ ಹಣವನ್ನು ಪ್ರಾಯೋಜಕತ್ವ ಎಂದು ಕೊಡುತ್ತಾರೆ, ಒಂದು ಜೇಬಿನ ಹಣ ಇನ್ನೊಂದಕ್ಕೆ ಹೋಗುತ್ತದೆ ಅಷ್ಟೇ. ಕಂಪನಿಗಳು ತಮ್ಮ ಪ್ರಚಾರದ ಬಜೆಟ್ ಅಂತಿಮಗೊಳಿಸುವ ಮೊದಲೇ ಹೋಗಿ ಕೇಳಬೇಕು. ಆ ಹೊತ್ತು ಮೀರಿದರೆ ಕೈಗೆ ಬರುವುದು ಉಳಿಕೆ ಪುಡಿಗಾಸು.

ಎಂಟರಲ್ಲಿ ಏಳು ಮಾರಾಟವಾದವು. ಮಾಸಿಕ ಸಭೆಗಳನ್ನು ಹತ್ತರಿಂದ ಆರಕ್ಕೆ ಇಳಿಸಿದರು. ಪ್ಯಾಕೇಜ್ 70, ಪ್ರವೇಶ ಶುಲ್ಕ 45, ಪ್ರದರ್ಶನದಿಂದ 25, ಒಟ್ಟು 140. ಆದಾಯ 170ರಿಂದ ಇಳಿಯಿತು, ನಿಜ. ನೇರ ಖರ್ಚು 150ರಿಂದ 80ಕ್ಕೆ, ಗಂಟೆ 2,600ರಿಂದ 1,500ಕ್ಕೆ ಇಳಿದವು. ಮುದ್ರಿತ ಪತ್ರಿಕೆ ನಿಂತು ಇ-ಪತ್ರಿಕೆಯಾದ್ದರಿಂದ ಅಲ್ಲಿನ ನೇರ ಖರ್ಚು 45ರಿಂದ 5ಕ್ಕೆ, ಗಂಟೆ 700ರಿಂದ 250ಕ್ಕೆ ಬಂದವು. ಹಿರಿಯ ಸದಸ್ಯರಲ್ಲಿ ಕೆಲವರು ಅಚ್ಚಿನ ಪತ್ರಿಕೆ ಬೇಕು ಎಂದು ಪಟ್ಟು ಹಿಡಿದಾಗ ಪ್ರತಿಯೊಂದಕ್ಕೆ ತಗಲುವ ವೆಚ್ಚವನ್ನು ಹೇಳಿ, ಚಂದಾ ಕಟ್ಟುವಿರಾ ಎಂದು ಕೇಳಿದರು. ಆಮೇಲೆ ಆ ಮಾತು ಬರಲಿಲ್ಲ.

ಸರ್ಟಿಫಿಕೇಟ್ ಆಫ್ ಆರಿಜಿನ್

ರಫ್ತಾಗುವ ಸರಕು ಯಾವ ದೇಶದಲ್ಲಿ ತಯಾರಾಯಿತು ಎಂದು ದೃಢೀಕರಿಸುವ ಈ ಪತ್ರ ಛೇಂಬರ್‌ಗಳ ಹಳೆಯ ಕಸುಬು. 1923ರ ಜಿನೀವಾ ಕಸ್ಟಮ್ಸ್ ಒಪ್ಪಂದದಲ್ಲೇ ಇದರ ಪ್ರಸ್ತಾಪವಿದೆ. ಯಾರು ಕೊಡಬಹುದು ಎಂಬುದನ್ನು ಆಯಾ ದೇಶದ ಕಾನೂನು ಅಥವಾ ಸರ್ಕಾರ ತೀರ್ಮಾನಿಸುತ್ತದೆ. ಅಧಿಕಾರವಿಲ್ಲದೆ ಮೊಹರು ಒತ್ತಲು ಹೋಗಬಾರದು. ಸುಂಕದ ರಿಯಾಯಿತಿಗೆ ಬೇಕಾಗುವ ಪ್ರಮಾಣಪತ್ರ ಬೇರೆ, ರಿಯಾಯಿತಿಯಿಲ್ಲದ ಸಾಮಾನ್ಯ ಪ್ರಮಾಣಪತ್ರ ಬೇರೆ. ಛೇಂಬರ್‌ಗಳ ಕೈಯಲ್ಲಿ ಹೆಚ್ಚಾಗಿ ಇರುವುದು ಎರಡನೆಯದು.

ಇಲ್ಲಿ ವರ್ಷಕ್ಕೆ 1,000 ಪತ್ರ, ಒಂದಕ್ಕೆ 13 ನಿಮಿಷ. ಆ 13 ನಿಮಿಷ ಹೋಗುತ್ತಿದ್ದದ್ದು ಪರಿಶೀಲನೆಗಲ್ಲ, ಅರ್ಜಿಯನ್ನು ಮತ್ತೆ ಟೈಪ್ ಮಾಡಲು ಮತ್ತು ಇಲ್ಲದ ದಾಖಲೆಗಾಗಿ ಫೋನ್ ಮಾಡಲು. ಆನ್‌ಲೈನ್ ಅರ್ಜಿ ಬಂದ ಮೇಲೆ ಇನ್‌ವಾಯ್ಸ್, ಪ್ಯಾಕಿಂಗ್ ಲಿಸ್ಟ್, ತಯಾರಕರ ಘೋಷಣೆ ಮೂರೂ ಸೇರದೆ ಅರ್ಜಿ ಮುಂದೆ ಹೋಗುವುದಿಲ್ಲ. ಒಂದಕ್ಕೆ 8 ನಿಮಿಷ ಸಾಕಾಯಿತು, ಅದರಲ್ಲಿ ಬಹುಪಾಲು ಪರಿಶೀಲನೆಗೇ ಸಿಕ್ಕಿತು.

ಪರಿಶೀಲನೆಯ ಕ್ರಮ ಹೀಗಿರಬೇಕು. ರಫ್ತುದಾರರು ಮೊದಲ ಸಲ ಬಂದಾಗ ಸಂಸ್ಥೆಯ ನೋಂದಣಿ ದಾಖಲೆ, ಸಹಿ ಮಾಡುವವರ ಮಾದರಿ ಸಹಿ, ತಪ್ಪು ಮಾಹಿತಿಗೆ ತಾವೇ ಹೊಣೆ ಎಂಬ ಮುಚ್ಚಳಿಕೆ ಪಡೆಯಬೇಕು. ಪ್ರತಿ ಅರ್ಜಿಯಲ್ಲೂ ರಫ್ತುದಾರರ ಹೆಸರು, ಸರಕಿನ ವಿವರ, ಗುರುತು ಸಂಖ್ಯೆ, ತೂಕ ಎಲ್ಲಾ ದಾಖಲೆಗಳಲ್ಲೂ ಹೊಂದಬೇಕು. ಆಮೇಲೆ ಬರುವುದು ಮೂಲದ ಪ್ರಶ್ನೆ: ಸರಕು ಪೂರ್ತಿ ಅಲ್ಲೇ ಬೆಳೆದದ್ದೋ, ತೆಗೆದದ್ದೋ, ಇಲ್ಲವೇ ಅದರ ಕೊನೆಯ ಗಣನೀಯ ರೂಪಾಂತರ ಅಲ್ಲಿ ಆಯಿತೋ? ಬೇರೆಡೆಯಿಂದ ಬಂದ ಸರಕನ್ನು ವಿಂಗಡಿಸಿ, ಲೇಬಲ್ ಹಚ್ಚಿ, ಹೊಸ ಪೆಟ್ಟಿಗೆಗೆ ತುಂಬಿದರೆ ಮೂಲ ಬದಲಾಗುವುದಿಲ್ಲ. ತೊಡಕು ಹೆಚ್ಚಾಗಿ ಹುಟ್ಟುವುದು ತಯಾರಕರಲ್ಲದ ವ್ಯಾಪಾರಿಗಳ ಅರ್ಜಿಯಲ್ಲಿ. ಯಂತ್ರದ ಬಿಡಿಭಾಗಗಳ ಒಂದೇ ಪೆಟ್ಟಿಗೆ, ಒಳಗೆ ಮೂರು ದೇಶದ ಭಾಗಗಳು, ಅರ್ಜಿಯಲ್ಲಿ ಒಂದೇ ದೇಶದ ಹೆಸರು. ಅಲ್ಲಿ ಸಾಲು ಸಾಲಾಗಿ ಯಾವ ಭಾಗ ಯಾವ ದೇಶದ್ದು ಎಂದು ಬರೆಸಬೇಕು, ಪ್ರತಿ ಸಾಲಿಗೂ ತಯಾರಕರ ದಾಖಲೆ ಕೇಳಬೇಕು.

ಲೆಟರ್ ಆಫ್ ಕ್ರೆಡಿಟ್ (ದಾಖಲೆ ಸರಿಯಿದ್ದರೆ ಹಣ ಕೊಡುತ್ತೇವೆ ಎಂಬ ಬ್ಯಾಂಕಿನ ಖಾತರಿ ಪತ್ರ) ಇರುವ ವ್ಯವಹಾರದಲ್ಲಿ ಬ್ಯಾಂಕು ನೋಡುವುದು ಕಾಗದವನ್ನು ಮಾತ್ರ. 2007ರಿಂದ ಜಾರಿಯಲ್ಲಿರುವ ಯುಸಿಪಿ 600 ಎಂಬ ಲೆಟರ್ ಆಫ್ ಕ್ರೆಡಿಟ್‌ನ ಅಂತರರಾಷ್ಟ್ರೀಯ ನಿಯಮಾವಳಿಯಂತೆ ಸರಕಿನ ವಿವರ ಇನ್‌ವಾಯ್ಸ್‌ನಲ್ಲಿ ಕ್ರೆಡಿಟ್‌ಗೆ ಹೊಂದಲೇಬೇಕು, ಉಳಿದ ದಾಖಲೆಗಳಲ್ಲಿ ಸಾಮಾನ್ಯ ಪದಗಳಲ್ಲಿದ್ದರೂ ನಡೆಯುತ್ತದೆ, ಆದರೆ ಒಂದಕ್ಕೊಂದು ವಿರುದ್ಧವಾಗಿರಬಾರದು. ಈ ಕಾರಣಕ್ಕೆ ಪ್ರಮಾಣಪತ್ರ ಕೊಡುವ ಮೊದಲು ಕ್ರೆಡಿಟ್‌ನ ಪ್ರತಿ ತರಿಸಿ ನೋಡುವ ಛೇಂಬರ್‌ಗೆ ತಿದ್ದುಪಡಿ ಅರ್ಜಿಗಳು ಕಡಿಮೆ ಬರುತ್ತವೆ.

ಸಹಿ ಮಾಡುವ ಅಧಿಕಾರಿಗಳು ಇಬ್ಬರು. ಖಾಲಿ ನಮೂನೆಗೆ ಮುಂಚಿತವಾಗಿ ಸಹಿ ಹಾಕಿಡುವುದನ್ನು ಪೂರ್ತಿ ನಿಷೇಧಿಸಿದರು. ‘ಸಾಹೇಬರು ಊರಲ್ಲಿಲ್ಲ’ ಎಂಬ ಕಾರಣಕ್ಕೆ ಈ ಅಭ್ಯಾಸ ಬೆಳೆಯುತ್ತದೆ, ಅದರಿಂದಲೇ ಅಧಿಕಾರ ರದ್ದಾಗುವ ಸಂದರ್ಭವೂ ಬರುತ್ತದೆ. ಸಹಿ ಮಾಡುವವರಿಗೆ ಆದಾಯದ ಗುರಿ ಕೊಡಲೇಬಾರದು.

ಸರ್ಕಾರ ಅಧಿಕಾರ ಕೊಟ್ಟ ಸೇವೆಯನ್ನು ಸದಸ್ಯರಲ್ಲದವರಿಗೆ ನಿರಾಕರಿಸುವುದು ಸರಿಯಲ್ಲ, ಹಲವೆಡೆ ಅದಕ್ಕೆ ಅವಕಾಶವೂ ಇರುವುದಿಲ್ಲ. ಆದರೆ ದರ ಬೇರೆ ಇಡಬಹುದಾದ ಕಡೆ ಇಡಬಹುದು. ಒಂದು ಪತ್ರಕ್ಕೆ ಸದಸ್ಯರಿಗೆ 0.02 ಪಾಲು, ಇತರರಿಗೆ 0.04. ಸದಸ್ಯರಿಂದ 900, ಹೊರಗಿನವರಿಂದ 500 ಅರ್ಜಿ ಬಂದು ಆದಾಯ 38 ಆಯಿತು. ಸಾಫ್ಟ್‌ವೇರಿಗೆ 5, ವೇಳೆ 187 ಗಂಟೆ. ವರ್ಷಕ್ಕೆ ಮೂವತ್ತು ನಲವತ್ತು ಸಲ ಬರುವ ಹೊರಗಿನ ರಫ್ತುದಾರರಿಗೆ ವ್ಯತ್ಯಾಸದ ಮೊತ್ತವನ್ನೂ ಸದಸ್ಯತ್ವ ಶುಲ್ಕವನ್ನೂ ಅಕ್ಕಪಕ್ಕ ಬರೆದು ಕಳಿಸಿದರೆ ಬೇರೆ ಪ್ರಚಾರ ಬೇಕಾಗುವುದಿಲ್ಲ.

ಎಟಿಎ ಕಾರ್ನೆಟ್ ಕೂಡ ಮಾಡೋಣ ಎಂಬ ಸಲಹೆ ಬಂದಿತ್ತು. ಪ್ರದರ್ಶನಕ್ಕೋ ಮಾದರಿ ತೋರಿಸಲೋ ತಾತ್ಕಾಲಿಕವಾಗಿ ಹೊರದೇಶಕ್ಕೆ ಒಯ್ಯುವ ಸರಕಿಗೆ ಸುಂಕ ಕಟ್ಟದೆ ಹೋಗಿ ಬರಲು ಇರುವ ದಾಖಲೆ ಅದು, 1961ರ ಒಪ್ಪಂದದಿಂದ ಬಂದದ್ದು. ಸುಂಕಕ್ಕೆ ಹೊಣೆ ನಿಲ್ಲುವ ದೇಶದ ಖಾತರಿ ಸಂಸ್ಥೆಯ ಅನುಮತಿಯಿಲ್ಲದೆ ಯಾರೂ ಕೊಡುವಂತಿಲ್ಲ, ಅಷ್ಟಕ್ಕೇ ಮುಗಿಯುವುದೂ ಇಲ್ಲ. ಕಾರ್ನೆಟ್‌ನ ಅವಧಿ ಗರಿಷ್ಠ ಒಂದು ವರ್ಷ, ಅದು ಮುಗಿದ ಮೇಲೆ ಸುಂಕ ಕೇಳಲು ವಿದೇಶಿ ಕಸ್ಟಮ್ಸ್‌ಗೆ ಇನ್ನೊಂದು ವರ್ಷ, ಸರಕು ವಾಪಸಾದ ಪುರಾವೆ ಕೊಡಲು ಖಾತರಿದಾರರಿಗೆ ಆರು ತಿಂಗಳು. ಕಾರ್ನೆಟ್ ಎಲ್ಲಾ ಮೊಹರುಗಳೊಂದಿಗೆ ಸರಿಯಾಗಿ ವಾಪಸ್ ಬಾರದಿದ್ದರೆ ಸರಕು ಒಯ್ದವರಿಂದ ಪಡೆದ ಭದ್ರತೆಯನ್ನು ಸುಮಾರು 30 ತಿಂಗಳು ಹಿಡಿದಿಡಬೇಕು, ಪ್ರತಿಯೊಂದನ್ನೂ ಬೆನ್ನು ಹತ್ತಬೇಕು. ವರ್ಷಕ್ಕೆ ಹತ್ತು ಹದಿನೈದು ಅರ್ಜಿಗೆ ಈ ಹೊರೆ ಬೇಡವೆಂದು ಕೈಬಿಟ್ಟದ್ದು ಸರಿಯಾದ ತೀರ್ಮಾನ.

ತರಬೇತಿಯ ಹದಿನೇಳನೇ ಕುರ್ಚಿ

ವರ್ಷಕ್ಕೆ 25 ತಂಡ, ಸರಾಸರಿ 12 ಮಂದಿ, ಒಬ್ಬರಿಗೆ 0.2 ಪಾಲು. ಬೋಧಕರಿಗೆ ತಂಡಕ್ಕೆ 1 ಪಾಲು, ಊಟ, ಸಾಮಗ್ರಿಗೆ ತಲೆಗೆ 0.05. ಒಬ್ಬರಿಂದ ಉಳಿಯುವುದು 0.15, ಹಾಗಾಗಿ ಏಳು ಮಂದಿ ಬಂದರೆ ಲಾಭ ಎಂದು ಎಲ್ಲರೂ ನಂಬಿದ್ದರು. ಒಂದು ತಂಡಕ್ಕೆ ಸಿಬ್ಬಂದಿಯ 20 ಗಂಟೆ, ಅಂದರೆ 1.46 ಪಾಲು ಸೇರಿಸಿದಾಗ ಲೆಕ್ಕ ಸರಿದೂಗಲು 17 ಮಂದಿ ಬೇಕಾಯಿತು. ಹನ್ನೆರಡು ಮಂದಿಯ ‘ಲಾಭದ’ ತಂಡ ಪ್ರತಿ ಸಲವೂ ಸುಮಾರು 0.66 ಪಾಲಿನಷ್ಟು ನಷ್ಟದಲ್ಲಿತ್ತು.

ತಂಡಗಳನ್ನು 14ಕ್ಕೆ ಇಳಿಸಿದರು. ಹತ್ತು ದಿನ ಮೊದಲು ಹಣ ಕಟ್ಟಿದವರು 17 ಆಗದಿದ್ದರೆ ಮುಂದೂಡಿಕೆ. ಹೆಸರು ಕೊಟ್ಟವರನ್ನು ಲೆಕ್ಕಕ್ಕೆ ಹಿಡಿಯಲಿಲ್ಲ, ಹಣ ಕಟ್ಟಿದವರನ್ನು ಮಾತ್ರ. ವ್ಯಕ್ತಿತ್ವ ವಿಕಸನ, ಮಾರಾಟ ಕೌಶಲದಂಥ ವಿಷಯಗಳನ್ನು ಕೈಬಿಟ್ಟರು. ಸದಸ್ಯರಲ್ಲೇ ಇರುವ ಸಲಹೆಗಾರರು ಅವನ್ನು ಮಾರುತ್ತಾರೆ, ಅವರ ಶುಲ್ಕ ತೆಗೆದುಕೊಂಡು ಅವರ ಗಿರಾಕಿಯನ್ನೇ ಕಸಿಯುವುದು ಅನ್ಯಾಯ. ರಫ್ತು ದಾಖಲೆ, ಕಸ್ಟಮ್ಸ್ ವರ್ಗೀಕರಣ, ಹೊಸ ತೆರಿಗೆ ನಿಯಮದಂಥ, ಛೇಂಬರ್ ಹೇಳಿದರೆ ತೂಕವಿರುವ ವಿಷಯಗಳು ಉಳಿದವು. ಸರಾಸರಿ 20 ಮಂದಿ ಬಂದು ಆದಾಯ 56, ನೇರ ಖರ್ಚು 28. ಗಂಟೆಯ ವೆಚ್ಚ ಕಳೆದ ಮೇಲೂ ಏಳು ಪಾಲಿಗಿಂತ ಹೆಚ್ಚು ಉಳಿಯಿತು.

ಉಳಿದವು

ಸಭಾಂಗಣ ವರ್ಷದಲ್ಲಿ 250 ದಿನ ತೆರೆದಿದ್ದರೆ ಅರ್ಧ ದಿನದ 500 ಅವಧಿಗಳು. ಸ್ವಂತ ಬಳಕೆ 90, ಬಾಡಿಗೆಗೆ ಹೋಗುತ್ತಿದ್ದದ್ದು 60. ಆನ್‌ಲೈನ್ ಬುಕಿಂಗ್, ಮುಂಗಡ, ಏಳು ದಿನದೊಳಗೆ ರದ್ದು ಮಾಡಿದರೆ ಮುಂಗಡ ವಾಪಸಿಲ್ಲ ಎಂಬ ಷರತ್ತು, ಕೆಲಸ ಮಾಡುವ ಪ್ರೊಜೆಕ್ಟರ್: ಇಷ್ಟರಿಂದಲೇ 150 ಅವಧಿ ಹೋಗಿ 50 ಪಾಲು ಬಂತು. ಪ್ರೊಜೆಕ್ಟರ್ ಎಂದದ್ದು ತಮಾಷೆಗಲ್ಲ, ಮತ್ತೆ ಬಾರದ ಗಿರಾಕಿಗಳ ದೂರು ಹೆಚ್ಚಾಗಿ ಧ್ವನಿ ಮತ್ತು ಪರದೆಯ ಬಗ್ಗೆಯೇ ಇರುತ್ತದೆ. ಸದಸ್ಯರಲ್ಲಿ ಹೋಟೆಲ್ ನಡೆಸುವವರು ತಕರಾರು ತೆಗೆದರು. ವಾರದ ದಿನಗಳ ಹಗಲು ಮಾತ್ರ, ಮದುವೆ-ಮುಂಜಿ ಇಲ್ಲ, ರಾಜಕೀಯ ಸಭೆ ಇಲ್ಲ, ಊಟ ಸದಸ್ಯ ಕೇಟರಿಂಗ್‌ನವರಿಂದಲೇ ಎಂದು ಬರೆದುಕೊಟ್ಟ ಮೇಲೆ ತಣ್ಣಗಾದರು.

ಸಮೂಹ ವಿಮೆ, ಕೊರಿಯರ್ ರಿಯಾಯಿತಿಯಂಥ ಯೋಜನೆಗಳಿಂದ 12 ಬಂತು. ವಿಮೆಯಲ್ಲಿ ಕಮಿಷನ್ ಪಡೆಯಲು ಬಹುತೇಕ ದೇಶಗಳಲ್ಲಿ ಪರವಾನಗಿ ಬೇಕು, ಅದಿಲ್ಲದೆ ಹಣ ಮುಟ್ಟಬಾರದು. ಸಂಸ್ಥೆಗೆ ಎಷ್ಟು ಸಿಗುತ್ತದೆ ಎಂಬುದನ್ನು ಸದಸ್ಯರಿಗೆ ತಿಳಿಸಬೇಕು, ಸೇವೆ ಕೊಡುವವರನ್ನು ಮುಕ್ತ ಕೊಟೇಶನ್‌ನಿಂದ ಆರಿಸಬೇಕು. ಸದಸ್ಯರ ಪಟ್ಟಿಯನ್ನು ಫೋನ್ ಸಂಖ್ಯೆ ಸಮೇತ ಮಾರುವ ಯೋಚನೆ ಯಾರಿಗಾದರೂ ಬಂದರೆ ಸಭೆಯಲ್ಲೇ ತಳ್ಳಿಹಾಕುವುದು ಲೇಸು.

ಚಿಕ್ಕ ವರ್ತಕ ಸಂಘಗಳಿಗೆ ಕಚೇರಿ ಕೆಲಸ ಮಾಡಿಕೊಡುವುದು ಒಳ್ಳೆಯ ದಾರಿ: ಸದಸ್ಯತ್ವ ನವೀಕರಣ, ಲೆಕ್ಕ, ಸಭೆಯ ನೋಟಿಸು, ನಡಾವಳಿ. ಒಂದು ಸಂಘಕ್ಕೆ ವರ್ಷಕ್ಕೆ 120 ಗಂಟೆ, ದರ 12 ಪಾಲು. ಮೂರು ಸಂಘಗಳು ಬಂದವು, ಒಂದು ಬಿಟ್ಟಿತು, ಉಳಿದದ್ದು 24.

ತೆರಿಗೆಯ ಮಾತು ಇಲ್ಲಿ ಬರಲೇಬೇಕು. ಸದಸ್ಯರು ತಮ್ಮೊಳಗೆ ಹಣ ಹಾಕಿ ತಮಗೇ ಖರ್ಚು ಮಾಡಿಕೊಂಡರೆ ಅದು ಲಾಭವಲ್ಲ ಎಂಬ ತತ್ವವನ್ನು ಹಲವು ದೇಶಗಳ ಕಾನೂನು ಒಂದಲ್ಲ ಒಂದು ರೂಪದಲ್ಲಿ ಒಪ್ಪುತ್ತದೆ. ಹೊರಗಿನವರ ಹಣ ಬಂದೊಡನೆ ಆ ರಕ್ಷಣೆ ಅಷ್ಟರ ಮಟ್ಟಿಗೆ ಹೋಗುತ್ತದೆ. ಅಮೆರಿಕದ ಕಾನೂನು ಪ್ರಾಯೋಜಕರ ಹೆಸರನ್ನು ಕೃತಜ್ಞತೆಯಿಂದ ತೋರಿಸುವುದನ್ನೂ ಅವರ ಸರಕನ್ನು ಕೊಳ್ಳಿ ಎಂದು ಹೇಳುವ ಜಾಹೀರಾತನ್ನೂ ಬೇರೆ ಬೇರೆಯಾಗಿ ನೋಡುತ್ತದೆ. ಹಾಗಾಗಿ ಸದಸ್ಯರಿಂದ ಬಂದದ್ದು, ಹೊರಗಿನವರಿಂದ ಬಂದದ್ದು ಎಂದು ಪ್ರತಿ ಸೇವೆಗೂ ಎರಡು ಲೆಡ್ಜರ್ ತಲೆಬರಹ ಮೊದಲ ದಿನದಿಂದಲೇ ಇರಬೇಕು. ವರ್ಷದ ಕೊನೆಯಲ್ಲಿ ಬೇರ್ಪಡಿಸಲು ಕೂತರೆ ಆಡಿಟರ್ ಅಂದಾಜು ಹಾಕುತ್ತಾರೆ, ಆ ಅಂದಾಜು ಸಂಸ್ಥೆಯ ಪರವಾಗಿ ಇರುವುದು ಕಡಿಮೆ. ತೆರಿಗೆ, ಕಾನೂನು ಸಲಹೆ ಸೇರಿ ಇತರೆ ಖರ್ಚು 105ರಿಂದ 125ಕ್ಕೆ ಏರಿತು.

ಎರಡು ವರ್ಷದ ನಂತರ

ಸದಸ್ಯತ್ವ ಶುಲ್ಕ 675, ಇತರೆ ಆದಾಯ 320, ಒಟ್ಟು 995. ಖರ್ಚು 953. ಉಳಿಕೆ 42.

ಇತರೆ ಆದಾಯದ ಪಾಲು ಶೇ 28ರಿಂದ ಶೇ 32ಕ್ಕೆ ಏರಿದೆ, ಅಷ್ಟೇ. ಈ ಶೇಕಡಾವಾರನ್ನೇ ಗುರಿಯಾಗಿ ಇಟ್ಟುಕೊಂಡಿದ್ದರೆ ಯೋಜನೆ ಸೋತಿತು ಎನ್ನಬೇಕಿತ್ತು. ನೋಡಬೇಕಾದ ಅಂಕಿ ಬೇರೆ: ನೇರ ಖರ್ಚು ಕಳೆದು ಉಳಿಯುತ್ತಿದ್ದದ್ದು ಮೊದಲು 45, ಈಗ 192. ಇದಕ್ಕೆ ಹಿಡಿದ ಗಂಟೆ 4,110ರಿಂದ ಸುಮಾರು 2,700ಕ್ಕೆ ಇಳಿದಿದೆ. ಗಂಟೆಯ ವೆಚ್ಚವನ್ನೂ ಹಾಕಿದರೆ −255 ಇದ್ದದ್ದು −5ಕ್ಕೆ ಬಂದಿದೆ. ಬಿಡುವಾದ 1,400 ಗಂಟೆಗಳನ್ನು ಸದಸ್ಯರ ಭೇಟಿಗೆ ಹಾಕಿದರು: ಶುಲ್ಕ ಬಾಕಿ ಉಳಿದವರು ಮೊದಲು, ಸೇರಿ ಒಂದು ವರ್ಷ ತುಂಬದವರು ಆಮೇಲೆ. ಹೊಸಬರು ಬಿಟ್ಟುಹೋಗುವುದು ಹೆಚ್ಚಾಗಿ ಮೊದಲ ನವೀಕರಣದ ಹೊತ್ತಿನಲ್ಲಿ.

ಮೂರನೇ ವರ್ಷದ ಬಜೆಟ್ಟನ್ನು ಬಿಗಿಯಾಗಿ ಕಟ್ಟಬೇಕು. ಪ್ರದರ್ಶನದಿಂದ ಖಾತರಿಯ 20 ಮಾತ್ರ, ಪ್ಯಾಕೇಜುಗಳಲ್ಲಿ ಸಹಿಯಾದವು ಮಾತ್ರ. ಸರ್ಟಿಫಿಕೇಟಿಗೆ 38ರ ಬದಲು 30. ರಫ್ತುದಾರರೇ ಮೂಲವನ್ನು ಘೋಷಿಸಿಕೊಳ್ಳುವ ಪದ್ಧತಿ ವ್ಯಾಪಾರ ಒಪ್ಪಂದಗಳಲ್ಲಿ ಹೆಚ್ಚುತ್ತಿದೆ. 2020ರ ಜುಲೈನಲ್ಲಿ ಜಾರಿಗೆ ಬಂದ ಅಮೆರಿಕ-ಮೆಕ್ಸಿಕೊ-ಕೆನಡಾ ಒಪ್ಪಂದದಲ್ಲಿ ನಿಗದಿತ ನಮೂನೆಯೇ ಇಲ್ಲ. ಸಾಮಾನ್ಯ ಪ್ರಮಾಣಪತ್ರಕ್ಕೆ ಇದು ನೇರವಾಗಿ ತಟ್ಟದಿದ್ದರೂ ಒಟ್ಟು ಬೇಡಿಕೆ ಏರುತ್ತಲೇ ಇರುತ್ತದೆ ಎಂದು ನಂಬಿ ಸಿಬ್ಬಂದಿ ನೇಮಿಸಬಾರದು. ಉಳಿಕೆಯ 42 ಮೊದಲ ವರ್ಷ ತೆಗೆದ ಮೀಸಲಿಗೆ ವಾಪಸ್ ಹೋಗುತ್ತದೆ.

ಬಗೆಹರಿಯದೆ ಉಳಿದದ್ದು ಚಿಕ್ಕ ಸಂಘಗಳ ಕಚೇರಿ ಕೆಲಸ. ಲಾರಿ ಮಾಲೀಕರ ಸಂಘವೊಂದು ಸಾಗಣೆ ದರದ ಬಗ್ಗೆ ಸರ್ಕಾರಕ್ಕೆ ಮನವಿ ಬರೆದುಕೊಡಿ ಎಂದರೆ, ಅದೇ ದರವನ್ನು ಇಳಿಸಬೇಕೆಂದು ಛೇಂಬರ್‌ನ ಕಾರ್ಖಾನೆ ಸದಸ್ಯರು ಕೇಳುತ್ತಿರುತ್ತಾರೆ. ದರ ನಿಗದಿಯ ಚರ್ಚೆಗೆ ಸಂಸ್ಥೆಯ ಸಭಾಂಗಣವನ್ನೋ ನಡಾವಳಿ ಪುಸ್ತಕವನ್ನೋ ಕೊಟ್ಟರೆ ಸ್ಪರ್ಧಾ ಕಾನೂನಿನ ತೊಡಕೂ ಬರಬಹುದು. ಸದ್ಯಕ್ಕೆ ಒಪ್ಪಂದದಲ್ಲಿ ಎರಡು ಸಾಲು ಸೇರಿಸಲಾಗಿದೆ: ಮನವಿ, ಹೇಳಿಕೆ, ದರದ ಚರ್ಚೆ ಇವು ಸೇವೆಯ ವ್ಯಾಪ್ತಿಯಲ್ಲಿಲ್ಲ, ಮತ್ತು ಯಾವ ಪಕ್ಷವಾದರೂ 90 ದಿನದ ನೋಟಿಸು ಕೊಟ್ಟು ಒಪ್ಪಂದ ಮುಗಿಸಬಹುದು.